ನೆರಿಸ್ ಕಾರ್ಡು ಪಡೆದದ್ದು

ವೇಲ್ಸ್‌ನ ಲನೆಲ್ಲಿ ಊರಿನಲ್ಲಿ ಯಾರ ಮನೆಯ ದೀಪ ಕೈಕೊಟ್ಟರೂ ಮೊದಲು ನೆನಪಾಗುತ್ತಿದ್ದವಳು ನೆರಿಸ್ ಪ್ರಾಥರೋ. ಎಲೆಕ್ಟ್ರಿಷಿಯನ್ ಕೆಲಸವನ್ನು ಅವಳು ಶಾಲೆಯಲ್ಲಿ ಕಲಿತದ್ದಲ್ಲ, ಕಲಿಸಿದವರು ಮಾವ ಎಮ್ಲಿನ್. ಅವರ ಮಗ, ಅವಳ ಗಂಡ ಹ್ಯೂಗೆ ತಂತಿಯೆಂದರೆ ಭಯ. ಬಸ್ಸು ಓಡಿಸುತ್ತ ಸುಖವಾಗಿದ್ದ. ಮದುವೆಯಾಗಿ ಬಂದ ಹೊಸತರಲ್ಲಿ ನೆರಿಸ್ ಬೇಸರ ಕಳೆಯಲೆಂದು ಮಾವನ ಏಣಿ ಹಿಡಿಯಲು ಹೋದಳು. ವರ್ಷ ಕಳೆಯುವುದರೊಳಗೆ ಏಣಿಯ ಮೇಲೆ ಅವಳಿದ್ದಳು, ಕೆಳಗೆ ಹಿಡಿದುಕೊಂಡು ಮಾವ ನಿಂತಿದ್ದರು. ಅವರು ನಿವೃತ್ತರಾದಾಗ ವ್ಯಾನು, ಗಿರಾಕಿಗಳು ಎಲ್ಲ ಅವಳ ಪಾಲಿಗೆ ಬಂದವು.

ಕೆಲಸ ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ಅವಳಿಗೆ ಆಸ್ಪತ್ರೆಯ ಹೊಸ ಕಟ್ಟಡದ ಕೆಲಸ ಸಿಕ್ಕಿತು. ಕೆಲವು ವಾರ ಚೆನ್ನಾಗಿಯೇ ಕಳೆದವು. ಒಂದು ದಿನ ಮೇಸ್ತ್ರಿ ಪಕ್ಕಕ್ಕೆ ಕರೆದು, ಇನ್ನು ಮುಂದೆ ಪರೀಕ್ಷೆ ಪಾಸಾದವರಿಗೆ ಕೊಡುವ ಮಾನ್ಯತೆಯ ಕಾರ್ಡು ಇಲ್ಲದವರನ್ನು ಗೇಟಿನೊಳಗೆ ಬಿಡುವಂತಿಲ್ಲವಂತೆ ಎಂದು ಮುಜುಗರದಿಂದ ಹೇಳಿದ. ನಿನ್ನ ಕೆಲಸ ನೋಡಿ ಯಾರೂ ಬೆರಳು ತೋರಿಸುವುದಿಲ್ಲ, ಆದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದ. ನೆರಿಸ್ ಚೀಲ ಹೆಗಲಿಗೇರಿಸಿ ಹೊರಬಂದು ವ್ಯಾನು ಹತ್ತಿ ಮನೆಗೆ ಹೊರಟಳು. ನಲವತ್ತೇಳರ ಹೆಂಗಸು ಪರೀಕ್ಷೆಗೆ ಕೂರುವುದೆಂದರೆ ಅವಳಿಗೆ ನಾಚಿಕೆಯಾಗುತ್ತಿತ್ತು.

ಅನುಭವಸ್ಥರಿಗೆಂದೇ ಬೇರೆ ದಾರಿಯಿದೆ ಎಂದು ಹುಡುಕಿ ತಿಳಿಸಿದವನು ಹ್ಯೂ. ಮಾಡಿದ ಕೆಲಸದ ಫೋಟೋ ತೋರಿಸಬೇಕು, ಪರೀಕ್ಷಕರೊಬ್ಬರು ಬಂದು ಕೆಲಸ ಮಾಡುವುದನ್ನು ನೋಡುತ್ತಾರೆ, ಕೊನೆಗೆ ಹತ್ತಿರದ ಸ್ವಾನ್ಸೀ ನಗರದಲ್ಲಿ ಕೈಕೆಲಸದ ಪರೀಕ್ಷೆ. ಮೊದಲಿನವೆರಡೂ ಸರಾಗವಾಗಿ ಮುಗಿದವು. ಸ್ವಾನ್ಸೀಯಲ್ಲೇ ಅವಳು ಎಡವಿದಳು.

ಅದೂ ಎಲ್ಲಿ? ಕರೆಂಟು ಕಡಿಯುವಲ್ಲಿ. ದಿನವೂ ಮಾಡುವ ಕೆಲಸ. ಸ್ವಿಚ್ಚು ಆರಿಸಿ, ಬೇರೆ ಯಾರೂ ಹಾಕದಂತೆ ಅದಕ್ಕೆ ಬೀಗ ಹಾಕಿ, ಟೆಸ್ಟರ್ ಹಿಡಿದು ತಂತಿಯಲ್ಲಿ ಕರೆಂಟಿಲ್ಲ, ಅದು ಸತ್ತಿದೆಯೆಂದು ಖಚಿತಪಡಿಸಿಕೊಂಡು ಸ್ಕ್ರೂ ಬಿಚ್ಚಲು ಕೈ ಹಾಕಿದಳು. ಪರೀಕ್ಷಕ ತಡೆದ.

"ಟೆಸ್ಟರ್ ಇನ್ನೂ ಸರಿಯಾಗಿದೆ ಅಂತ ಹೇಗೆ ಗೊತ್ತು ನಿಮಗೆ?" ಎಂದು ಮೆಲ್ಲಗೆ ಕೇಳಿದ.

"ಮೊದಲೇ ನೋಡ್ಕೊಂಡಿದ್ದೆನಲ್ಲ."

"ಆಮೇಲೆ ಅದೇ ಕೆಟ್ಟಿದ್ರೆ? ತಂತಿ ಸತ್ತಿಲ್ಲ, ಟೆಸ್ಟರೇ ಸತ್ತಿದೆ ಅಂದ್ರೆ?"

ಅವಳು ಸ್ಕ್ರೂನಿಂದ ಕೈ ಹಿಂದೆಗೆದಳು. ತಂತಿ ನೋಡಿದ ಮೇಲೂ ಟೆಸ್ಟರನ್ನು ಇನ್ನೊಮ್ಮೆ ಕರೆಂಟಿರುವ ಕಡೆ ಹಿಡಿದು ನೋಡಬೇಕಿತ್ತು. ಅಲ್ಲಿಗೆ ಆ ದಿನದ ಪರೀಕ್ಷೆ ಮುಗಿಯಿತು.

ಭಾನುವಾರದ ಊಟಕ್ಕೆ ಮಾವ ಬಂದರು. ಕುರಿಮಾಂಸದ ಸಾರು ಬಡಿಸುತ್ತ ನೆರಿಸ್ ತಡೆಯಲಾರದೆ ಕೇಳಿಯೇಬಿಟ್ಟಳು.

"ಮಾವ, ಟೆಸ್ಟರನ್ನ ಎರಡನೇ ಸಲ ನೋಡ್ಬೇಕು ಅಂತ ನೀವು ಯಾಕೆ ಒಂದು ದಿನಾನೂ ಹೇಳ್ಲಿಲ್ಲ?"

"ನನಗೆ ಯಾರು ಹೇಳಿದ್ರು? ಅಷ್ಟು ವರ್ಷ ದುಡಿದೆ, ಬದುಕಿಲ್ವಾ?"

"ಬದುಕಿದ್ದು ಅದೃಷ್ಟ."

ಆ ಮಾತು ನಾಲಿಗೆ ದಾಟಿದ ಮೇಲೆ ಅವಳಿಗೇ ಚುರುಕ್ಕೆಂದಿತು. ಎಮ್ಲಿನ್ ಚಮಚ ಕೆಳಗಿಟ್ಟು, ಟೋಪಿ ಹಾಕಿಕೊಂಡು ಹೊರಟುಹೋದರು. ಮುಂದಿನ ಭಾನುವಾರ ಬರಲಿಲ್ಲ. ಹ್ಯೂ ಹೋಗಿ ಕರೆದರೆ ಮಂಡಿನೋವು ಎಂದರಂತೆ. ಪರೀಕ್ಷೆಯಲ್ಲಿ ಸೋತದ್ದಕ್ಕಿಂತ ಆ ಖಾಲಿ ಕುರ್ಚಿಯೇ ಅವಳನ್ನು ಹೆಚ್ಚು ಕಾಡಿತು. ಇಷ್ಟು ವರ್ಷ ಗಿರಾಕಿಗಳ ಮುಂದೆ ಇವಳು ನನ್ನ ಸೊಸೆ ಎಂದು ಎದೆಯುಬ್ಬಿಸಿ ಹೇಳಿಕೊಂಡ ಮನುಷ್ಯನಿಗೆ ತಾನು ಹೀಗೆ ಅಂದೆನಲ್ಲ ಎಂದು ಕೊರಗಿದಳು. ಕ್ಷಮೆ ಕೇಳಲು ಹೋಗಬೇಕೆಂದು ಕೋಟು ಹಾಕಿಕೊಳ್ಳುತ್ತಿದ್ದ ದಿನ ಮಾವನೇ ಬಾಗಿಲಲ್ಲಿ ನಿಂತಿದ್ದರು.

"ಅದೇನೋ ಹೊಸ ಪದ್ಧತಿ ಅಂದ್ಯಲ್ಲ, ತೋರಿಸು ನೋಡೋಣ," ಎಂದರು. ಅವಳು ಕ್ಷಮೆಯ ಮಾತೆತ್ತಲು ಹೋದರೆ, "ಅದೆಲ್ಲ ಬಿಡು, ಟೀ ಇಡು," ಎಂದು ಬಾಯಿ ಮುಚ್ಚಿಸಿದರು.

ಶೆಡ್ಡಿನಲ್ಲಿ ಹಲಗೆಯೊಂದಕ್ಕೆ ಸ್ವಿಚ್ಚು, ತಂತಿ ಜೋಡಿಸಿದ್ದಾಯಿತು. ಎಂಬತ್ತರ ಮುದುಕರು ಮೊದಲು ತಾವೇ ಕಲಿತರು. ಅವಳು ಹೇಳಿದಂತೆ ಒಂದೊಂದೇ ಹೆಜ್ಜೆ ಮಾಡಿ, ನಡುವೆ ಮರೆತು, ತಮ್ಮನ್ನೇ ಬೈದುಕೊಂಡರು. ಕಲಿತ ಮೇಲೆ ಕುರ್ಚಿ ಎಳೆದುಕೊಂಡು ಪರೀಕ್ಷಕರಾದರು. ಸಂಜೆಗಳೆಲ್ಲ ಅದೇ ಆಟ. ಅವಳ ಕೈ ಹಳೆಯ ಚಾಳಿಗೆ ಬಿದ್ದು ಸೀದಾ ಸ್ಕ್ರೂಗೆ ಹೋಯಿತೆಂದರೆ ಟೀ ಕಪ್ಪಿಗೆ ಚಮಚದಿಂದ ಟಣ್ಣೆಂದು ಬಡಿಯುವರು.

"ನೀನು ಸತ್ತೆ. ಹೆಣದ ಮೇಲಿಡೋಕೆ ಹೂವು ಎಂಥದ್ದು ತರಿಸ್ಲಿ?"

"ನಿಮಗೆ ಅಂತ ಇಟ್ಟಿರೋದರಲ್ಲೇ ಸ್ವಲ್ಪ ಕೊಡಿ, ಸಾಕು," ಎಂದು ಅವಳೂ ನಗುವಳು.

ಮತ್ತೆ ಸ್ವಾನ್ಸೀಗೆ ಹೋದಾಗ ಚಳಿಗಾಲ ಮುಗಿಯುತ್ತಿತ್ತು. ಅದೇ ಪರೀಕ್ಷಕ, ಅದೇ ಬೋರ್ಡು. ತಂತಿಗೆ ಟೆಸ್ಟರ್ ಹಿಡಿದು, ಮತ್ತೆ ಟೆಸ್ಟರನ್ನೇ ಪರೀಕ್ಷಿಸಿಕೊಂಡು, ಆಮೇಲಷ್ಟೇ ಅವಳು ಸ್ಕ್ರೂ ಮುಟ್ಟಿದಳು. ಅವನು ಮುಂದಿನ ಕೆಲಸ ತೋರಿಸಿದ. ಉಳಿದದ್ದೆಲ್ಲ ಅವಳ ಕೈಗೆ ಗೊತ್ತಿದ್ದದ್ದೇ.

ಪಾಸಾದ ಸುದ್ದಿ ಬಂದ ಸಂಜೆ ಎಮ್ಲಿನ್ ಕ್ಲಬ್ಬಿನಲ್ಲಿ ಎಲ್ಲರಿಗೂ ಬಿಯರ್ ಕೊಡಿಸಿದರು. ತಾವು ಕಲಿಸಿದ್ದರಿಂದಲೇ ಗೆದ್ದಳು, ಅದರಲ್ಲೂ ಕರೆಂಟು ಕಡಿಯುವ ವಿಷಯದಲ್ಲಿ ತಮ್ಮಷ್ಟು ಕಟ್ಟುನಿಟ್ಟಿನವರು ಈ ಸೀಮೆಯಲ್ಲೇ ಇಲ್ಲ ಎಂದು ಕೊಚ್ಚಿಕೊಂಡರು. ಹ್ಯೂ ನಗು ತಡೆಯಲಾರದೆ ಹೆಂಡತಿಯ ಮುಖ ನೋಡಿದ. ಅವಳು ಮೇಜಿನ ಕೆಳಗೆ ಅವನ ಕಾಲು ತುಳಿದಳು.

"ಹೌದು, ಮಾವನೇ ಕಲಿಸಿದ್ದು," ಎಂದಳು.

ಕಾರ್ಡು ಕೈಗೆ ಬಂದ ಮೇಲಿನ ಸೋಮವಾರ ಅವಳು ಅದನ್ನು ಗೇಟಿನಲ್ಲಿ ತೋರಿಸಿ ಆಸ್ಪತ್ರೆಯ ಕಟ್ಟಡಕ್ಕೆ ವಾಪಸು ಹೋದಳು. ಮೂರನೇ ಮಹಡಿಯ ವಾರ್ಡುಗಳ ತಂತಿ ಕೆಲಸವೆಲ್ಲ ಅವಳ ಪಾಲಿಗೆ ಬಂತು.