ಹೊಳಿ ದಾಟಿದ ಮ್ಯಾಲ ಬಿಚ್ಚುವ ಬುತ್ತಿ

ಕುಬಿಹಾಳದ ರೇವವ್ವನ ಮನಸ್ಸು ಬೆಣ್ಣೆ. ಸಿಟ್ಟು ಮಾತ್ರ ಉಪ್ಪಿನಕಾಯಿ ಇದ್ದಂಗ, ವರ್ಷಗಟ್ಟಲೆ ಕೆಡೂದಿಲ್ಲ.

ಮೈಸೂರಿನಲ್ಲಿರುವ ತಂಗಿ ಬಸಕ್ಕ ತನ್ನ ಮಗಳು ಮಂಜುಳಾನ ಮದುವೆ ಮಾಡಿದಾಗ, ಆ ಗದ್ದಲದಲ್ಲಿ ಅಕ್ಕನನ್ನು ಊಟಕ್ಕೆ ಕರೆಯುವುದು ಮರೆತಳು. ಹಸಿದೇ ಊರಿಗೆ ಬಂದ ರೇವವ್ವ, ಇನ್ನು ಆ ಮನಿ ಅನ್ನ ಒಂದು ತುತ್ತೂ ಉಣ್ಣಂಗಿಲ್ಲ ಅಂತ ಆಣೆ ಹಾಕಿಕೊಂಡಳು. ತಂಗಿಯನ್ನು ಬಿಟ್ಟಿರಲು ಮಾತ್ರ ಆಗಲೊಲ್ಲದು. ಹೋದಾಗೆಲ್ಲ ರೈಲಿನಲ್ಲೇ ತನ್ನ ಬುತ್ತಿ ಉಂಡು, "ನಂದು ಊಟ ಆಗೇತಿ" ಅಂತಿದ್ದಳು. ಬಸಕ್ಕ ಇಟ್ಟ ತಾಟು ಇಟ್ಟಂಗೇ ಒಳಗೆ ಒಯ್ಯುತ್ತಿದ್ದಳು.

ಈಗ ಬಸಕ್ಕ ಬಚ್ಚಲದಲ್ಲಿ ಜಾರಿ ಕಾಲು ಮುರಿದುಕೊಂಡಳು. ರೇವವ್ವನ ಮೊಣಕಾಲಿಗೆ ರಾತ್ರಿಯಿಡೀ ರೈಲಿನಲ್ಲಿ ಕೂಡುವುದು ಆಗದ ಮಾತು ಅಂತ, ಅವ್ವನ ಆರೈಕೆಗೆ ಬಂದಿದ್ದ ಮಂಜುಳಾ ಹುಬ್ಬಳ್ಳಿ-ಮೈಸೂರು ವಿಮಾನದ ಟಿಕೀಟು ತೆಗೆಸಿದಳು. ರೇವವ್ವನ ಗಂಡ ಸಂಗನಬಸವ ತಿಳಿಸಿ ಹೇಳಿದ: ಆಕಾಶದಾಗ ತಿರುವು ಇಲ್ಲ, ನಾನೂರು ಕಿಲೋಮೀಟರೂ ಆಗೂದಿಲ್ಲ, ಒಂದು ತಾಸಿನಾಗ ಮೈಸೂರು.

ರೇವವ್ವ ನಂಬಲಿಲ್ಲ. ಕುಬಿಹಾಳದಿಂದ ಹುಬ್ಬಳ್ಳಿ ಮುಟ್ಟಾಕನ ಬಸ್ಸಿಗೆ ತಾಸು ಬೇಕು, ಮೈಸೂರು ಹೆಂಗ ಬರತೈತಿ ಅಂದಳು. ಎರಡು ಹೊತ್ತಿಗಾಗುವಷ್ಟು ಕಟಕ ರೊಟ್ಟಿ, ಶೇಂಗಾ ಹಿಂಡಿ, ಜುಣಕದ ವಡಿ ಕಟ್ಟಿದಳು.

"ವಿಮಾನದಾಗ ಪಂಕ್ತಿ ಕೂಡಸ್ತೀ ಏನು?" ಅಂದ ಸಂಗನಬಸವ.

ಅಕ್ಕ ತಂಗಿಯರ ತವರಿನಲ್ಲಿ ಒಂದು ಪದ್ಧತಿ. ದಕ್ಷಿಣಕ್ಕೆ ಹೋಗುವಾಗ ತುಂಗಭದ್ರೆ ದಾಟುವ ತನಕ ಏನೂ ಉಣ್ಣಬಾರದು, ಬುತ್ತಿಯ ಗಂಟು ಬಿಚ್ಚಬಾರದು. ಅವ್ವ ಕಲಿಸಿದ್ದು. ಹಾಗಾಗಿ ರೇವವ್ವ ಮುಂಜಾನೆಯಿಂದ ಬರೀ ಚಾದ ಮೇಲಿದ್ದಳು. ವಿಮಾನ ನಿಲ್ದಾಣದಲ್ಲೂ ಬಿಚ್ಚಲಿಲ್ಲ. ಮೇಲೇರಿದ ಮೇಲೆ ಕಿಟಕಿಗೆ ಮೂಗು ಹಚ್ಚಿ ಹೊಳಿ ಹುಡುಕಿದಳು. ಕೆಳಗೆ ಹಿಂಜಿದ ಅರಳೆಯಂಥ ಮೋಡ, ಮತ್ತೇನೂ ಇಲ್ಲ. ಕಡೆಗೆ ಬಾಜು ಕೂತಿದ್ದ ಹುಬ್ಬಳ್ಳಿಯ ಹುಡುಗ ದಾನೀಶನನ್ನು ಕೇಳಿದಳು.

"ತುಂಗಭದ್ರಾ ಯಾವಾಗೋ ಹಿಂದ ಬಿತ್ರಿ ಅವ್ವಾರ. ಈಗ ಇಳಿಯೂದು."

ಗಂಟಿಗೆ ಕೈ ಹಾಕುವಷ್ಟರಲ್ಲಿ ಗಗನಸಖಿ ಬಂದು ಬುತ್ತಿಯ ಚೀಲವನ್ನು ಸೀಟಿನ ಕೆಳಗೆ ತಳ್ಳಿಸಿದಳು. ಇಳಿದರೆ ಮಂಜುಳಾ ಕಾರು ತಂದು ಕಾದಿದ್ದಳು; ಆಕೆಯ ಎದುರು ಗಂಟು ಬಿಚ್ಚಲು ಮನಸ್ಸಾಗಲಿಲ್ಲ.

ಹೀಗೆ ರೇವವ್ವ ಮೊದಲ ಸಲ ಹಸಿದ ಹೊಟ್ಟೆಯಲ್ಲಿ ತಂಗಿಯ ಮನೆ ಹೊಕ್ಕಳು. ಬಸಕ್ಕ ಪ್ಲಾಸ್ಟರಿನ ಕಾಲು ಚಾಚಿ ಮಂಚದ ಮೇಲಿದ್ದಳು. "ನಂದು ಊಟ…" ಅಂತ ರೇವವ್ವ ಶುರು ಮಾಡುವುದರೊಳಗೆ ಬಸಕ್ಕನ ಕಣ್ಣು ಇನ್ನೂ ಬಿಚ್ಚದ ಬುತ್ತಿಯ ಮೇಲೆ ಬಿತ್ತು. ಒಂದೇ ಅವ್ವನ ಮಕ್ಕಳು, ಹೇಳಿ ತಿಳಿಸಬೇಕಾದ್ದೇನಿತ್ತು?

"ಹೊಳಿ ಕಾಣಲಿಲ್ಲೇನ ಅಕ್ಕಾ?" ಅಂತ ನಕ್ಕಳು.

ರೇವವ್ವ ಮುಖ ತಿರುಗಿಸಿದಳು. ಬಸಕ್ಕನ ನಗು ಅರ್ಧಕ್ಕೇ ನಿಂತಿತು.

"ನನ್ನ ಅನ್ನ ಬ್ಯಾಡಂದ್ರ ಬಿಡು, ನಿನ್ನ ಬುತ್ತಿ ನನಗ ಹಾಕು. ಮದಿವಿ ದಿನ ಎಲ್ಲಾರನ್ನೂ ಉಣ್ಣಿಸಿ ಕಡೀಕ ನಿನ್ನ ಹುಡುಕಿದೆ. ಮೊದಲ ಹುಡುಕಬೇಕಿತ್ತು. ತಪ್ಪು ನಂದ."

ರೇವವ್ವ ಗಂಟು ಬಿಚ್ಚಿ ತಂಗಿಗೆ ಹಾಕಿದಳು, ತಾನೂ ಹಾಕಿಕೊಂಡಳು. ಇಬ್ಬರೂ ರೊಟ್ಟಿ ಮುರಿದರು. ನಾಲ್ಕು ತುತ್ತು ಉಂಡ ರೇವವ್ವ, ಒಳಗಿದ್ದ ಮಂಜುಳಾನ ಕಡೆ ತಿರುಗಿ ಅಂದಳು:

"ರೊಟ್ಟಿ ಗಂಟಲಾಗ ನಿಂದ್ರಾಕತ್ತೇತಿ. ಮನ್ಯಾಗ ಮೊಸರ ಐತೇನ ಬೇ?"

ಬಸಕ್ಕ ತಲೆ ಎತ್ತಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡಳು. ಮಂಜುಳಾ ಬಟ್ಟಲು ಹುಡುಕುತ್ತ ಕೂಡದೆ ಮೊಸರಿನ ಪಾತೇಲಿಯನ್ನೇ ಎತ್ತಿಕೊಂಡು ಬಂದಳು.