ಬಾಯಿಬೀಗ ಕಳಚಿದ ಕಾರು

ಕುವೆಂಪುನಗರದ ನಮ್ಮ ಬೀದಿಯ ತುದಿಯಲ್ಲಿ ಒಂದು ಫೋನ್ ರಿಪೇರಿ ಅಂಗಡಿ ಇದೆ. ಅಲ್ಲಿ ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಮೂಗಿಗೆ ಬಿದ್ದರೆ ಸಾಕು, ತರಕಾರಿ ಚೀಲ ಹಿಡಿದುಕೊಂಡೇ ನಿಂತುಬಿಡುತ್ತೇನೆ. ಅದು ದೇವರಾಜ ಮೊಹಲ್ಲದ ನಮ್ಮ ಮನೆಯ ವಾಸನೆ. ಬೀದಿಗೆ ತೆರೆದ ಕೋಣೆಯಲ್ಲಿ ಅಪ್ಪನ ರೇಡಿಯೋ ರಿಪೇರಿ, ನಡುಮನೆಯಲ್ಲಿ ಅಜ್ಜಿ ರಾಗಿ ಬೀಸುವ ಸದ್ದು, ಹಿತ್ತಲಿನಿಂದ ಒಗೆದ ಬಟ್ಟೆಯ ಸೋಪಿನ ಗಾಳಿ. ಬಾಲ್ಯ ಅಂದರೆ ಬೇರೆಯವರಿಗೆ ಕಣ್ಣು ಒದ್ದೆಯಾಗುತ್ತದಂತೆ. ನನಗೆ ಮೊದಲು ಹಲ್ಲು ಕಚ್ಚುವಷ್ಟು ಸಿಟ್ಟು ಬರುತ್ತದೆ, ಕಣ್ಣೀರಿನ ಸರದಿ ಆಮೇಲೆ. ಒಟ್ಟಿಗೆ ಉಂಡ ಮನೆಯೊಂದನ್ನು ನೀವೂ ಕಳೆದುಕೊಂಡಿದ್ದರೆ ನನ್ನ ಮಾತು ನಿಮಗೆ ಅರ್ಥವಾದೀತು.

ಅಪ್ಪನ ಹೆಸರು ಬೋರಯ್ಯ. ಎರಡನೇ ಮಹಾಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಹರಾಜಿನಲ್ಲಿ ಒಂದು ಮಿಲಿಟರಿ ಗಾಡಿಯ ಬರೀ ಅಡಿಗಟ್ಟು ಮತ್ತು ಇಂಜಿನ್ನು ತಂದು ಹಿತ್ತಲಲ್ಲಿ ಇಳಿಸಿದರು. ನೋಡಿದ ಅಜ್ಜಿ, "ಇದೇನ್ಲಾ, ಸತ್ತ ಎಮ್ಮೆ ಮೂಳೆ ತಂದ್ಬುಟ್ಟೆ" ಎಂದು ಹಣೆ ಚಚ್ಚಿಕೊಂಡರು. ಆ ಮೂಳೆಗೆ ಮಾಂಸ ತುಂಬಲು ಅಪ್ಪನಿಗೆ ಎರಡು ವರ್ಷ ಹಿಡಿಯಿತು. ಬಾಗಿಲಿನ ತಗಡನ್ನು ತಾವೇ ಬಡಿದು ಬಗ್ಗಿಸಿದರು, ಸೀಟಿಗೆ ತೆಂಗಿನ ನಾರು ತುಂಬಿದರು. ಮೇಲೆ ಚಾವಣಿ ಇಲ್ಲದ, ಎಲೆಹಸಿರು ಬಣ್ಣದ ಆ ಕಾರು ನಿಂತಾಗ ಬೀದಿಯ ಹೆಂಗಸರು ಅರಿಶಿನ ಕುಂಕುಮ ಹಿಡಿದು ಬಂದರು. ಅಪ್ಪನ ತಮ್ಮ, ಅಂದರೆ ನನ್ನ ಕೆಂಪರಾಜು ಚಿಕ್ಕಪ್ಪ, ಆ ಎರಡು ವರ್ಷವೂ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತಿದ್ದ. ಅವನನ್ನು ಈಗಲೂ ಏಕವಚನದಲ್ಲೇ ಕರೆಯುತ್ತೇನೆ.

ಕಾರಿಗೆ ರೇಡಿಯೋ ಕೂರಿಸಬೇಕೆಂಬುದು ಅಪ್ಪನ ಆಸೆ. ಚಾವಣಿ ಇಲ್ಲದ ಗಾಡಿಯಲ್ಲಿ ಹಾಡನ್ನೆಲ್ಲ ಗಾಳಿ ಹೊತ್ತುಕೊಂಡು ಹೋಗುತ್ತಿತ್ತು. ಸ್ಪೀಕರುಗಳಿಗೆ ಎಣ್ಣೆ ಡಬ್ಬದ ತಗಡು ಕಟ್ಟಿದರೆ ಗಡಗಡ ಅಂತು. ಕೊನೆಗೆ ಅಜ್ಜಿಯ ಹಳೆಯ ಹಲಸಿನ ಪೆಟ್ಟಿಗೆ ಒಡೆದು, ಆ ಹಲಗೆಯಲ್ಲಿ ಎರಡು ಗೂಡು ಮಾಡಿ, ಹಿಂದಿನ ಸೀಟಿನ ಎರಡು ಪಕ್ಕ ಕೂರಿಸಿದರು. ಗೂಡಿನ ಬಾಯಿಗೆ ಹೊದಿಸಲು ಅಮ್ಮ ತಮ್ಮ ಧಾರೆ ಸೀರೆಯ ಸೆರಗನ್ನು ಕತ್ತರಿಸಿ ಕೊಟ್ಟರು. ಆದರೆ ಇಂಜಿನ್ನು ಚಾಲೂ ಮಾಡಿದ ಕೂಡಲೇ ರೇಡಿಯೋ ಕರಕರ ಅರಚಿಕೊಳ್ಳುತ್ತಿತ್ತು. ಇಂಜಿನ್ನಿನ ಕಿಡಿಯ ಸದ್ದು ರೇಡಿಯೋಗೂ ನುಗ್ಗುತ್ತದೆ ಎಂದು ಅಪ್ಪ ಹನ್ನೆರಡು ವರ್ಷದ ನನಗೆ ವಿವರಿಸಿ, ಬೆರಳುದ್ದದ ಒಂದು ಕರಿ ತುಂಡನ್ನು ಕಿಡಿಯ ತಂತಿಯ ತುದಿಗೆ ಸಿಕ್ಕಿಸಿದರು. ಅರಚಾಟ ನಿಂತೇಹೋಯಿತು. "ಮಾರಮ್ಮನ ಅಬ್ಬದಲ್ಲಿ ಮಾತಾಡ್ದಂಗೆ ಬಾಯಿಗೆ ಸರಳು ಆಕ್ಕೋತಾರಲ್ಲ, ಅಂಗೆ ಇದೂ ಬಾಯಿಬೀಗ ಬುಡು" ಎಂದರು ಅಜ್ಜಿ. ಅಂದಿನಿಂದ ಮನೆಯಲ್ಲಿ ಅದರ ಹೆಸರೇ ಬಾಯಿಬೀಗ. ರಿಪೇರಿಗೆ ಎಲ್ಲಿಗೆ ಹೋದರೂ ಕೆಡಬಹುದಾದ ಸಾಮಾನಿನ ಜೋಡಿಯೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಅಪ್ಪನ ಪದ್ಧತಿ. ಬಾಯಿಬೀಗವನ್ನೂ ಎರಡು ತಂದಿದ್ದರು. ಎಲ್ಲ ಮುಗಿದ ದಿನ ರೇಡಿಯೋದ ಕೆಳಗಿನ ಹಲಗೆಯ ಮೇಲೆ ಸಣ್ಣ ಅಕ್ಷರದಲ್ಲಿ 'ಬೋರಯ್ಯ' ಎಂದು ಬರೆದರು. ಆ ಮನುಷ್ಯ ತಮಗಾಗಿ ಇಟ್ಟುಕೊಂಡದ್ದು ಅಷ್ಟೇ.

ಚಿಕ್ಕಪ್ಪನಿಗೆ ವಿದ್ಯಾರಣ್ಯಪುರದ ಹೆಣ್ಣು ಗೊತ್ತಾಯಿತು. ಹೆಣ್ಣಿನ ಕಡೆಯವರು ಮಾತುಕತೆಗೆ ಬಂದಾಗ ಕಾಫಿ ಲೋಟಗಳ ತಟ್ಟೆ ಹಿಡಿದು ನಾನೇ ನಿಂತಿದ್ದೆ. ಅವರ ಹಿರಿಯರೊಬ್ಬರು, "ಕಾರು ಯಾರು ಕಟ್ಟಿದ್ದು?" ಎಂದು ಕೇಳಿದರು. ಚಿಕ್ಕಪ್ಪ ಎದೆ ಉಬ್ಬಿಸಿ, "ಎಲ್ಲಾ ನಾನೇ ಕಣ್ರೀ, ರೇಡಿಯೋನೂ ನಾನೇ. ನಮ್ಮಣ್ಣ ಪಾಪ, ಸ್ಕ್ರೂ ಎತ್ಕೊಡ್ತಿದ್ದ" ಎಂದ. ಮೂಲೆಯಲ್ಲಿ ಕುಳಿತ ಅಪ್ಪ ತಲೆ ಬಗ್ಗಿಸಿ ಸುಮ್ಮನೆ ನಕ್ಕರು. ಅಬ್ಬಾ, ಆ ನಗು! ಮರುದಿನ ನೋಡುತ್ತೇನೆ, ಹಲಗೆಯ ಮೇಲಿನ ಅಪ್ಪನ ಹೆಸರಿಗೆ ಬಣ್ಣ ಬಳಿದು, ಅದರ ಮೇಲೆ ಚಿನ್ನದ ಬಣ್ಣದಲ್ಲಿ 'ಕೆಂಪರಾಜು' ಎಂದು ಬರೆಸಿದ್ದ. ಹಲಗೆ ತೋರಿಸಿ ಅತ್ತರೆ ಅಪ್ಪ, "ಓಗ್ಲಿ ಬುಡು ಕಣಮ್ಮಿ, ಮದ್ವೆ ಗಂಡು" ಎಂದರು. ಅವರು ಬಿಟ್ಟರು. ನಾನು ಬಿಡಲಿಲ್ಲ.

ಮದುವೆಯ ಹಿಂದಿನ ಸಂಜೆ ನಮ್ಮ ಮನೆಯಿಂದ ಅಗ್ರಹಾರದ ಛತ್ರದವರೆಗೆ ಗಂಡಿನ ಮೆರವಣಿಗೆ. ವಾಲಗದವರು ಬೇಡ, ರೇಡಿಯೋದಲ್ಲಿ ನಾದಸ್ವರ ಬರುವ ಹೊತ್ತಿಗೇ ಹೊರಡೋಣ, ಕಾರನ್ನು ನಾನೇ ಓಡಿಸುತ್ತೇನೆ ಎಂದು ಚಿಕ್ಕಪ್ಪ ಹಟ ಹಿಡಿದಿದ್ದ. ಮಧ್ಯಾಹ್ನ ಎಲ್ಲರೂ ಉಣ್ಣುತ್ತಿದ್ದಾಗ ನಾನು ಬಾನೆಟ್ಟು ಎತ್ತಿ, ಬಾಯಿಬೀಗವನ್ನು ತಿರುಗಿಸಿ ತೆಗೆದು, ತಂತಿಯನ್ನು ನೇರವಾಗಿ ಸಿಕ್ಕಿಸಿ, ಲಂಗದ ನೆರಿಗೆಯಲ್ಲಿ ಅದನ್ನು ಮುಚ್ಚಿಟ್ಟುಕೊಂಡೆ. ಸಂಜೆ ಬಾಸಿಂಗ ಕಟ್ಟಿಕೊಂಡ ಚಿಕ್ಕಪ್ಪ ರೇಡಿಯೋ ಹಾಕಿದ. ನಾದಸ್ವರ ಬೀದಿ ತುಂಬಿತು. ಇಂಜಿನ್ನು ಚಾಲೂ ಮಾಡಿದ. ಕರ್ರ್ರ್! ಆರತಿಗೆ ಬಂದ ಹೆಂಗಸರು ಕಿವಿ ಮುಚ್ಚಿಕೊಂಡರು. ಇಂಜಿನ್ನು ನಿಲ್ಲಿಸಿದರೆ ನಾದಸ್ವರ, ಹೊರಟರೆ ಅರಚಾಟ. ಗಂಡನ್ನು ಕರೆದೊಯ್ಯಲು ಬಂದಿದ್ದ ಹೆಣ್ಣಿನ ಕಡೆಯ ಅದೇ ಹಿರಿಯರು, "ನೀವೇ ಕಟ್ಟಿದ್ದಲ್ವಾ, ಸರಿಮಾಡಿ ಮತ್ತೆ" ಎಂದರು. ಚಿಕ್ಕಪ್ಪ ಆ ಗುಂಡಿ ತಿರುಗಿಸಿದ, ಈ ಗುಂಡಿ ಒತ್ತಿದ, ಬೆವರಿಗೆ ಹಣೆಯ ಕುಂಕುಮವೆಲ್ಲ ಇಳಿಯಿತು. ಕೊನೆಗೆ ಅಪ್ಪನ ಹತ್ತಿರ ಬಗ್ಗಿ, "ಅಣ್ಣ, ಒಸಿ ನೋಡೋ" ಎಂದ. ಅಪ್ಪ ಬಾನೆಟ್ಟು ಎತ್ತಿದರು. ಒಳಗೆ ಒಂದು ಸಲ ನೋಡಿದರು, ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದರು. ಬಾನೆಟ್ಟು ಮೆಲ್ಲಗೆ ಮುಚ್ಚಿ, ಎಲ್ಲರಿಗೂ ಕೇಳುವ ಹಾಗೆ, "ನಂಗೇನ್ ಗೊತ್ತಪ್ಪ, ನಾನು ಸ್ಕ್ರೂ ಎತ್ಕೊಡೋನು" ಎಂದರು.

ಹೊರಡುವ ಮುಹೂರ್ತ ಮೀರುತ್ತಿತ್ತು, ವಾಲಗದವರನ್ನು ಕರೆಸಲು ಹೊತ್ತಿರಲಿಲ್ಲ. ಹಾಡಿಲ್ಲದೆ ಗಂಡು ಹೊರಡುವುದು ಅಪಶಕುನ ಎಂದು ಹೆಣ್ಣಿನ ಕಡೆಯವರು ಪಟ್ಟು ಹಿಡಿದರು. ಇಂಜಿನ್ನು ನಿಲ್ಲಿಸಿ, ರೇಡಿಯೋ ಹಾಡಲು ಬಿಟ್ಟು, ಎರಡೂ ಕಡೆಯ ಗಂಡಸರು ಪಂಚೆ ಎತ್ತಿ ಕಟ್ಟಿ ಕಾರನ್ನು ತಳ್ಳಿದರು. ಬಾಸಿಂಗ ಕಟ್ಟಿದ ಮದುಮಗ ಮುಂದೆ ಸ್ಟೀರಿಂಗು ಹಿಡಿದು ಕಲ್ಲಿನ ಹಾಗೆ ಕೂತಿದ್ದ. "ತಳ್ಳುಸ್ಕೊಂಡ್ ಬಂದ ಅಳಿಯ ಕಣ್ರೋ!" ಎಂದು ಮಾರುಕಟ್ಟೆಯ ಹೂವಿನವರು ಕೂಗಿದರು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು, ಆರತಿ ತಟ್ಟೆ ಹಿಡಿದು ನಾನು ಛತ್ರದವರೆಗೂ ನಡೆದೆ. ಅಷ್ಟು ರುಚಿಯಾದ ಸಂಜೆ ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ.

ಅದಕ್ಕೆ ಬೆಲೆಯನ್ನೂ ತೆತ್ತೆವು. ಆ ಅವಮಾನವನ್ನು ಚಿಕ್ಕಪ್ಪ ಮರೆಯಲಿಲ್ಲ. ವರ್ಷ ತುಂಬುವುದರೊಳಗೆ ಮನೆ ಪಾಲಾಯಿತು. ನಡುಮನೆಗೆ ಅಡ್ಡಗೋಡೆ ಎದ್ದಿತು, ಬೀಸುವ ಕಲ್ಲು ಆ ಕಡೆ, ಅಜ್ಜಿ ಈ ಕಡೆ. ಕಾರು ಚಿಕ್ಕಪ್ಪನಿಗೆ, ರೇಡಿಯೋ ಅಪ್ಪನಿಗೆ. ಅಪ್ಪ ಒಂದೊಂದೇ ತಂತಿ ಬಿಚ್ಚಿ ಸ್ಪೀಕರುಗಳನ್ನು ಹೊರಗೆ ತೆಗೆದಾಗ ಅಮ್ಮನ ಸೆರಗು ಅವುಗಳ ಮೇಲೆ ಹಾಗೇ ಇತ್ತು. ಅಣ್ಣತಮ್ಮಂದಿರು ಮತ್ತೆ ಮಾತಾಡಲಿಲ್ಲ. ಅಜ್ಜಿ ಸಾಯುವಾಗಲೂ ಇಬ್ಬರೂ ಮಂಚದ ಎರಡು ಪಕ್ಕ ನಿಂತು ಗೋಡೆ ನೋಡುತ್ತಿದ್ದರು. ನಾನು ಮಾಡಿದ್ದಕ್ಕೆ ಆಗ ಮೊದಲ ಸಲ ನನಗೆ ಹೆದರಿಕೆಯಾಯಿತು.

ಅಪ್ಪ ಕೊನೆಗಾಲದಲ್ಲಿ ಮಲಗಿದ್ದಾಗ, ಬಾಯಿಬೀಗ ತೆಗೆದವಳು ನಾನೇ ಎಂದು ಹೇಳಿಬಿಟ್ಟೆ. "ಗೊತ್ತು ಕಣಮ್ಮಿ" ಎಂದರು. "ಜೋಡಿದು ನನ್ ಜೇಬಲ್ಲೇ ಇತ್ತು. 'ಅಣ್ಣ ಮಾಡಿದ್ದು' ಅಂತ ಅವ್ನು ಒಂದ್ ಮಾತು ಅಂದಿದ್ರೆ ಆಕ್ಬುಡ್ತಿದ್ದೆ. ಕಾಯ್ಕಂಡೇ ನಿಂತಿದ್ದೆ."

ಈಗ ಆ ಮನೆ ಇಲ್ಲ, ಅಡ್ಡಗೋಡೆಯೂ ಇಲ್ಲ, ಆ ಜಾಗದಲ್ಲಿ ಬಟ್ಟೆ ಅಂಗಡಿ ಇದೆ. ಚಿಕ್ಕಪ್ಪನೂ ಹೋದ. ಹೋದ ತಿಂಗಳು ಅವನ ಮಗ ಒಂದು ಹಳೆಯ ಫೋಟೋ ಹಿಡಿದು ಬಂದಿದ್ದ. ಕಾರು, ತಳ್ಳುವ ಗಂಡಸರು, ಬಾಸಿಂಗ. ಹಿಂದುಗಡೆ ಅವನ ಕೈಬರಹದಲ್ಲಿ 'ಅಪ್ಪ ಕಟ್ಟಿದ ಕಾರು' ಎಂದು ಬರೆದಿತ್ತು. ಪೆನ್ನು ತರಿಸಿ, ಅವನೆದುರಿಗೇ ಅದನ್ನು ಹೊಡೆದುಹಾಕಿ, 'ಕಟ್ಟಿದವರು ಬೋರಯ್ಯ' ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಪಾಪ, ಆ ಹುಡುಗನ ತಪ್ಪೇನಿಲ್ಲ. ಆದರೂ ಬರೆದೆ. ಆಮೇಲೆ ಫೋಟೋ ತಿರುಗಿಸಿ ಕನ್ನಡಕ ಹಾಕಿಕೊಂಡು ನೋಡಿದೆ. ಗುಂಪಿನಲ್ಲಿ ಎಲ್ಲರ ಕೈಯೂ ಕಾರಿನ ಮೇಲಿತ್ತು. ಒಂದು ಪಕ್ಕದಲ್ಲಿ, ತಮ್ಮನ ಮುಖವನ್ನೇ ನೋಡುತ್ತ ಅಪ್ಪ ನಿಂತಿದ್ದರು, ಬಲಗೈ ಜೇಬಿನಲ್ಲಿತ್ತು.