ಕೇಳಿ ದಾಟುವ ಬದು

ಎರಡು ಕಾಲಿನ ಮೇಲೆ ನಡೆಯಲು ಕಲಿತ ದಿನವೇ ಮನುಷ್ಯನ ಚರಿತ್ರೆ ಆರಂಭವಾಯಿತೆಂದು ಬಲ್ಲವರು ಹೇಳುತ್ತಾರೆ. ನಮ್ಮ ಚರಿತ್ರೆ ಆರಂಭವಾದದ್ದು ಹಾವೇರಿಯ ದರ್ಜಿಯೊಬ್ಬ ನನ್ನ ಸೊಂಟಕ್ಕೆ ಟೇಪು ಸುತ್ತಿ, ಅಳತೆ ಹೇಳುವ ಮುನ್ನ ಮರ್ಯಾದೆಗಾಗಿ ಒಮ್ಮೆ ಕೆಮ್ಮಿದ ದಿನ.

ಅಂದಿನಿಂದ ಮೂವರು ರವಿವಾರದ ನಡಿಗೆಗೆ ಬಿದ್ದೆವು: ನಾನು, ರಾಣೇಬೆನ್ನೂರಿನಲ್ಲಿ ಫೋಟೊ ಸ್ಟುಡಿಯೋ ಇಟ್ಟಿದ್ದ ಶಾಂತಣ್ಣ, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದು ಸೀನದೆ ಒಂದು ವಾಕ್ಯ ಮುಗಿಸಲಾರದ ರುದ್ರಪ್ಪ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಬ್ಯಾಡಗಿ ಸ್ಟೇಶನ್ನಿನಿಂದ ಅಗಡಿಯ ಮೇಲೆ ಹಾಯ್ದು ಗಳಗನಾಥದ ಸಂಗಮದವರೆಗೆ, ಡಾಂಬರು ತುಳಿಯದೆ ಎರಡು ದಿನ ನಡೆಯಬಹುದಾದ ಹಾದಿಯೊಂದನ್ನು ಹೊಲ, ಹಳ್ಳ, ಗಾಡಿಜಾಡುಗಳಿಂದ ಹೊಲಿದು ಮುಗಿಸಿದ್ದೆವು.

ಅದರ ಜೀವವಿದ್ದದ್ದು ಅಗಡಿಯಾಚೆ ಮೌಲಾಸಾಬರ ಹೊಲದ ಬದುವಿನಲ್ಲಿ. ಬದು ಏರುವ ಮೊದಲು ನಿಂತು "ಹೋಗ್ಲೇನ್ರಿ?" ಅನ್ನಬೇಕು. ಅವರು ಬಗ್ಗಿದ ಬೆನ್ನನ್ನು ಎತ್ತದೆಯೇ "ಹೋಗ್ರಿ" ಅನ್ನುತ್ತಿದ್ದರು. ಎಂದೂ ಒಲ್ಲೆನೆಂದವರಲ್ಲ, ಹಾಗೆಂದು ಕೇಳದೆ ಹೋದವರೂ ಇರಲಿಲ್ಲ. ಗೆಳೆಯರೇ, ಆ ಬದು ಮಣ್ಣಿನದೆಂದು ನಾನು ತಿಳಿದಿದ್ದೆ, ಅದು ಮಾತಿನದಾಗಿತ್ತು.

ಹಾದಿಯ ವಿಷಯ ನಾನು ಪತ್ರಿಕೆಗೆ ಬರೆಯಬೇಕೆಂದು ಶಾಂತಣ್ಣ ತಗಾದೆ ತೆಗೆದ. ಸ್ಟೇಶನ್ನಿನ ಕಟ್ಟೆಯ ಮೇಲೆ ಸಭೆ ಸೇರಿತು. ಅಧ್ಯಕ್ಷತೆ ನನ್ನದು, ಏಕೆಂದರೆ ನೆರಳಿದ್ದ ಕಡೆ ನಾನು ಕೂತಿದ್ದೆ.

"ಇಷ್ಟ ಚಂದ ಹಾದಿ ಬರೇ ಮೂರ ಮಂದಿ ಕಾಲಾಗ ಇರಬೇಕೇನೋ ರುದ್ರ? ನಾಕ ಮಂದಿ ಬರಲಿ, ನೋಡಲಿ," ಎಂದ ಶಾಂತಣ್ಣ.

"ಮಂದಿ ಬರ್ತಾರ, ಹಿಂದಿಂದ ನಿನ್ನ ಕ್ಯಾಮರಾನೂ ಬರತೈತಿ," ಎಂದು ರುದ್ರಪ್ಪ ಸೀನಿದ. "ಹೊಲ ನಮ್ದಲ್ಲ, ಬದು ನಮ್ದಲ್ಲ. ಹಂಚಾಕ ನಾವ್ಯಾರು?"

"ಮೌಲಾಸಾಬರು ಯಾವಾಗರ ಬ್ಯಾಡ ಅಂದಾರೇನು?"

"ಕೇಳಿದವ್ರಿಗೆ ಅಂದಿಲ್ಲ."

ಕೊನೆಗೆ ರುದ್ರಪ್ಪ ಒಂದು ಷರತ್ತಿನ ಮೇಲೆ ಒಪ್ಪಿದ: ಹೊಲದವರನ್ನು ಕೇಳಿಯೇ ಬದು ದಾಟಬೇಕೆಂಬ ಮಾತು ಲೇಖನದಲ್ಲಿರಬೇಕು. ಅಧ್ಯಕ್ಷರಿಗೆ ತಕ್ಕ ಗಾಂಭೀರ್ಯದಿಂದ ನಾನು ವಚನ ಕೊಟ್ಟೆ.

ಬರೆದೂ ಇದ್ದೆ. ಆದರೆ ಹೊಂಗೆಯ ನೆರಳಿನಿಂದ ಹೊರಟು, ಅಗಸೆಯ ನೀಲಿ ಹೂಗಳ ನಡುವೆ ಸುಳಿದು, ಬೆಳ್ಳಕ್ಕಿಗಳ ಸಂಗಡ ಹೊಳೆಯತ್ತ ಇಳಿಯುತ್ತಿದ್ದ ನನ್ನ ಸುದೀರ್ಘ ವಾಕ್ಯದ ನಟ್ಟನಡುವೆ ಆ ಸೂಚನೆ ಕಾಲಿಗೆ ಅಡ್ಡ ಸಿಕ್ಕ ಕಲ್ಲಿನಂತೆ ಕಂಡಿತು. ವಾಕ್ಯ ಎಡವುತ್ತಿತ್ತು; ಹೊಡೆದುಹಾಕಿದೆ. ಲಯ ಸರಿಹೋಯಿತು. ಅಚ್ಚಾದ ಮೇಲೆ ಶಾಂತಣ್ಣ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದ. ರುದ್ರಪ್ಪ ಒಂದೇ ಸಲ ಓದಿ ಮಡಚಿಟ್ಟ. ಸೀನಲೂ ಇಲ್ಲ.

ಆ ಚಳಿಗಾಲ ಜನ ಬಂದರು. ಅವರ ತಪ್ಪೇನೂ ಇಲ್ಲ. ನನ್ನ ವಾಕ್ಯ ಹೇಗಿತ್ತೋ ಹಾಗೆಯೇ, ಎಲ್ಲಿಯೂ ನಿಲ್ಲದೆ ನಡೆದರು. ಮುಂದೆ ನಾವು ಹೋದಾಗ ಮೌಲಾಸಾಬರು ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ ನಿಂತರು.

"ಹೋಗ್ಲೇನ್ರಿ?" ಎಂದೆ.

"ನನ್ನ ಯಾಕ ಕೇಳ್ತೀರಿ ಸರ? ಪೇಪರದಾಗ ದಾರಿ ಅಂತ ಬಂದೈತಂತಲ್ಲ. ಮೊನ್ನೆ ಬಂದವ್ರು ನನಗ 'ಬಾಜೂಕ ಸರೀರಿ' ಅಂದ್ರು. ನನ್ನ ಹೊಲದಾಗ."

ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಕ್ಷಮೆ ಕೇಳುವುದು ಸುಲಭವಾಗುತ್ತಿತ್ತು. ಹೊಡೆದುಹಾಕಿದ ಸಾಲಿನ ಬಗ್ಗೆ ಹೇಳಲು ಬಾಯಿ ತೆರೆದೆ. ಆದರೆ ಗದ್ಯದ ಲಯವನ್ನು ಒಬ್ಬನ ಹೊಲದಲ್ಲಿ ನಿಂತು ಅವನಿಗೆ ವಿವರಿಸುವುದು ಹೇಗೆ?

"ತಪ್ಪಾತು ಕಾಕಾ," ಎಂದವನು ರುದ್ರಪ್ಪ. ನಾವು ಬಂದ ಹಾದಿಯಲ್ಲೇ ತಿರುಗಿದೆವು.

ಮರುವಾರ ಬದುವಿನ ಎರಡೂ ತುದಿಗೆ ಜಾಲಿಮುಳ್ಳು ಬಿತ್ತು. ಗಳಗನಾಥಕ್ಕೆ ಹೋಗುವವರು ಈಗ ಬಸ್ಸಿನಲ್ಲಿ ಹೋಗುತ್ತಾರೆ.